ಮೆಸೇಜು ಯಾರ ಫೋನಿಗೆ ಹೋಗುತ್ತದೆ?

ವಾಡಿ ಜಂಕ್ಷನ್ನಿನಿಂದ ಹೊರಟ ಸಿಕಂದರಾಬಾದಿನ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿನ ಕಡೆ ಹೋಗುತ್ತದೆ. ಶಹಾಬಾದಿನವರಿಗೂ ವಾಡಿಯ ಮೇಲೇ ದಾರಿ. ರೈಲೇ ಇಲ್ಲದ ಚಿಂಚೋಳಿಯವರು ಬಸ್ಸು ಹಿಡಿದು ತೆಲಂಗಾಣದ ಗಡಿ ದಾಟುತ್ತಾರೆ. ಕಲಬುರಗಿ ಜಿಲ್ಲೆಯ ಈ ಭಾಗದ ಜನರಿಗೆ ವಿದೇಶದ ಬಾಗಿಲೆಂದರೆ ಬೆಂಗಳೂರಿಗಿಂತ ಮೊದಲು ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ. ಉಮ್ರಾ ಯಾತ್ರೆಗೆ ಹೊರಟ ಹಿರಿಯರು, ದುಬೈಗೆ ದುಡಿಯಲು ಹೋಗುವ ಹುಡುಗರು, ಜರ್ಮನಿಯಲ್ಲೋ ಅಮೆರಿಕದಲ್ಲೋ ಓದುವ ಮಗಳನ್ನು ನೋಡಿ ಬರಲು ಹೊರಟ ತಂದೆತಾಯಿ, ಎಲ್ಲರೂ ಅಲ್ಲಿಂದಲೇ ವಿಮಾನ ಹತ್ತುತ್ತಾರೆ.

ಹಿಂದೆ ಇವರೆಲ್ಲ ರಿಯಾಲನ್ನೋ ಡಾಲರನ್ನೋ ಸೊಂಟದ ಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಅದರ ಜೊತೆಗೆ ಒಂದು ಕಾರ್ಡೂ ಇರುತ್ತದೆ. ಸಿಮೆಂಟ್ ಕಾರ್ಖಾನೆಯ ಸಂಬಳದ ಖಾತೆಯ ಬೆನ್ನಿಗೆ ಬಂದ ಕ್ರೆಡಿಟ್ ಕಾರ್ಡೋ, ಟ್ರಾವೆಲ್ಸ್‌ನವರು ಮಾಡಿಸಿಕೊಟ್ಟ ಫಾರೆಕ್ಸ್ ಕಾರ್ಡೋ, ಊರಿನ ಬ್ಯಾಂಕಿನ ಎಟಿಎಂ ಕಾರ್ಡೋ ಏನಾದರೂ ಒಂದು. ದೇಶದಲ್ಲಿ 2019ರ ಡಿಸೆಂಬರಿನಲ್ಲಿ 5.53 ಕೋಟಿ ಇದ್ದ ಕ್ರೆಡಿಟ್ ಕಾರ್ಡುಗಳು 2024ರ ಡಿಸೆಂಬರಿಗೆ 10.80 ಕೋಟಿ ಆದವು. ಐದೇ ವರ್ಷದಲ್ಲಿ ಹತ್ತಿರಹತ್ತಿರ ಎರಡು ಪಟ್ಟು. ಈ ಕಾರ್ಡುಗಳೆಲ್ಲ ದೊಡ್ಡ ಶಹರಗಳಲ್ಲೇ ಉಳಿದಿಲ್ಲ.

ನನ್ನ ಆತಂಕ ಇದು. ಮುಂದಿನ ಕೆಲವೇ ವರ್ಷಗಳಲ್ಲಿ ಈ ಊರುಗಳಂಥ ಊರುಗಳ ಬಹಳ ಜನ ವಿದೇಶದಲ್ಲಿ ಕಾರ್ಡು ಕಳೆದುಕೊಳ್ಳುತ್ತಾರೆ. ಇಲ್ಲವೇ ಕಾರ್ಡು ಜೇಬಿನಲ್ಲೇ ಇರುವಾಗ ಅದರ ನಂಬರು ಕಳೆದುಕೊಳ್ಳುತ್ತಾರೆ. ಆ ರೊಕ್ಕ ವಾಪಸು ಪಡೆಯುವ ಹಕ್ಕು ಅವರಿಗೆ ಕಾನೂನಿನಲ್ಲಿ ಇದೆ. ಆದರೂ ಬಹುಪಾಲು ಮಂದಿಗೆ ಅದು ಸಿಗದೇ ಹೋಗುವ ಅಪಾಯವಿದೆ. ಕಾರಣ ಕಳ್ಳನ ಜಾಣತನವೊಂದೇ ಅಲ್ಲ. ಬ್ಯಾಂಕು ಕಳಿಸುವ ಒಂದು ಸಾಲಿನ ಮೆಸೇಜು ಯಾರ ಫೋನಿಗೆ ಹೋಗುತ್ತದೆ, ಯಾವ ದಿನ ಹೋಗುತ್ತದೆ ಎಂಬುದರ ಮೇಲೆ ಇಡೀ ಹಕ್ಕು ನಿಂತಿದೆ.

ಮೊದಲು ವಿದೇಶದಲ್ಲಿ ಏನು ಬದಲಾಗುತ್ತದೆ ಎಂದು ನೋಡೋಣ. ನಮ್ಮಲ್ಲಿ ಆನ್‌ಲೈನ್ ಖರೀದಿಗೆ ಕಾರ್ಡಿನ ನಂಬರ್ ಒಂದೇ ಸಾಲದು, ಫೋನಿಗೆ ಬರುವ ಒಟಿಪಿಯೂ ಬೇಕು. ಈ ಎರಡನೇ ಬೀಗವನ್ನು ಭಾರತೀಯ ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದಲೇ ಕಡ್ಡಾಯ ಮಾಡಿತು. ಹದಿನೈದು ವರ್ಷದಿಂದ ಒಟಿಪಿ ನೋಡಿ ನೋಡಿ, ಅದಿಲ್ಲದೆ ಯಾರೂ ನಮ್ಮ ಕಾರ್ಡು ಮುಟ್ಟಲಾರರು ಎಂದು ನಾವು ನಂಬಿಬಿಟ್ಟಿದ್ದೇವೆ. ಆದರೆ ರಿಸರ್ವ್ ಬ್ಯಾಂಕಿನ ಮಾತು ನಡೆಯುವುದು ಈ ದೇಶದ ಗಡಿಯೊಳಗೆ. ಹೊರದೇಶದ ಅಂಗಡಿಯ ಜಾಲತಾಣ ಒಟಿಪಿ ಕೇಳಲೇಬೇಕೆಂದು ಅದು ಹೇಳುವಂತಿಲ್ಲ. ಕಾರ್ಡಿನ ನಂಬರು, ಅವಧಿ ಮುಗಿಯುವ ತಿಂಗಳು, ಬೆನ್ನ ಮೇಲಿನ ಮೂರಂಕಿ, ಇಷ್ಟು ಸಿಕ್ಕರೆ ಸಾಕೆನ್ನುವ ಅಂಗಡಿಗಳು ಹೊರಗೆ ಬೇಕಾದಷ್ಟಿವೆ.

ಟ್ಯಾಪ್ ಮಾಡುವ ವಿಷಯವೂ ಹೀಗೆಯೇ. ಪಿನ್ ಒತ್ತದೆ ಕಾರ್ಡು ತಾಗಿಸಿ ಕೊಡಬಹುದಾದ ಮೊತ್ತವನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000ಕ್ಕೆ ಏರಿಸಿತು. ಹೊರದೇಶದಲ್ಲಿ ಆಯಾ ದೇಶದ ಮಿತಿ ನಡೆಯುತ್ತದೆ. ಕೋವಿಡ್ ಕಾಲದಲ್ಲಿ ಸೌದಿ ಅರೇಬಿಯಾ ಅದನ್ನು 100 ರಿಯಾಲಿನಿಂದ 300 ರಿಯಾಲಿಗೆ ಏರಿಸಿತು. ಬ್ರಿಟನ್ 2021ರ ಅಕ್ಟೋಬರಿನಲ್ಲಿ 100 ಪೌಂಡ್ ಮಾಡಿತು. 300 ರಿಯಾಲ್ ಅಂದರೆ ಏಳು ಸಾವಿರ ರೂಪಾಯಿಯ ಹತ್ತಿರ. ಜನಜಂಗುಳಿಯಲ್ಲಿ ಜೇಬಿನಿಂದ ಎತ್ತಿದ ಕಾರ್ಡು ನಾಲ್ಕು ಅಂಗಡಿಯಲ್ಲಿ ತಾಗಿದರೆ ಒಂದು ತಿಂಗಳ ಕೂಲಿಗಿಂತ ಹೆಚ್ಚು ಹೋಯಿತು. ಐರೋಪ್ಯ ಒಕ್ಕೂಟದ ನಿಯಮ ಮಾತ್ರ ಸ್ವಲ್ಪ ಬಿಗಿ. ಅಲ್ಲಿ ಸತತ ಐದು ಟ್ಯಾಪ್ ಅಥವಾ ಒಟ್ಟು 150 ಯೂರೋ ಆದ ಮೇಲೆ ಪಿನ್ ಕೇಳಲೇಬೇಕು.

‘ನಾವು ಎಲ್ಲಿಗೂ ಹೋಗುವುದಿಲ್ಲವಲ್ಲ’ ಎನ್ನುವವರು 2016ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ಒಂದು ಬ್ಯಾಂಕಿನ ಎಟಿಎಂ ಜಾಲವನ್ನು ನೋಡಿಕೊಳ್ಳುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವೀಸಸ್‌ನ ಕಂಪ್ಯೂಟರುಗಳಿಗೆ ಆ ವರ್ಷದ ಮೇ 21ರಿಂದ ಜುಲೈ 11ರ ನಡುವೆ ಕಳ್ಳ ತಂತ್ರಾಂಶ ಹೊಕ್ಕಿತ್ತು. ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಸುರಕ್ಷತೆ ಅನುಮಾನಕ್ಕೆ ಬಿತ್ತು. ವಿಷಯ ಜನರಿಗೆ ಗೊತ್ತಾದದ್ದು ಅಕ್ಟೋಬರಿನಲ್ಲಿ. ಅಷ್ಟರೊಳಗೆ 19 ಬ್ಯಾಂಕುಗಳ 641 ಗ್ರಾಹಕರ ಖಾತೆಯಿಂದ ಸುಮಾರು 1.3 ಕೋಟಿ ರೂಪಾಯಿ ಹೋಗಿತ್ತು. ಕಾರ್ಡಿನ ಯಜಮಾನರು ಭಾರತದಲ್ಲಿ ತಮ್ಮ ಮನೆಯಲ್ಲಿದ್ದರು, ಕಾರ್ಡುಗಳು ಚೀನಾ ಮತ್ತು ಅಮೆರಿಕದಲ್ಲಿ ಬಳಕೆಯಾಗಿದ್ದವು. ಎರಡು ವರ್ಷದ ನಂತರ, 2018ರ ಆಗಸ್ಟಿನಲ್ಲಿ, ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿಗೆ 94 ಕೋಟಿಯ ಹೊಡೆತ ಬಿತ್ತು. ಅದರ ಬಹುಭಾಗವನ್ನು ನಕಲಿ ಕಾರ್ಡುಗಳನ್ನು ಹಿಡಿದುಕೊಂಡು 28 ದೇಶಗಳ ಎಟಿಎಂಗಳಿಂದ ಎತ್ತಲಾಗಿತ್ತು. ಇಂದು ಕದ್ದ ವಿವರ ಇಂದೇ ಬಳಕೆಯಾಗಬೇಕೆಂದಿಲ್ಲ. ಎಲ್ಲಿ ಕದ್ದರೋ ಅಲ್ಲೇ ಬಳಕೆಯಾಗಬೇಕೆಂದೂ ಇಲ್ಲ.

ಆ ಕಾಲದ ಬಹಳಷ್ಟು ಕಾರ್ಡುಗಳ ಬೆನ್ನಲ್ಲಿ ಕಪ್ಪು ಪಟ್ಟಿ ಮಾತ್ರ ಇತ್ತು. ಪಟ್ಟಿಯ ಮೇಲಿನ ಮಾಹಿತಿ ಕಲ್ಲಿನ ಮೇಲೆ ಕೊರೆದ ಅಕ್ಷರದ ಹಾಗೆ, ಯಾರು ಎಷ್ಟು ಸಲ ಅಚ್ಚು ತೆಗೆದರೂ ಅದೇ ಬರುತ್ತದೆ. ಈಗಿನ ಕಾರ್ಡಿನಲ್ಲಿರುವ ಚಿಪ್ಪು ಹಾಗಲ್ಲ, ಅದು ಪ್ರತಿ ವ್ಯವಹಾರಕ್ಕೂ ಒಂದು ಹೊಸ ಗುಪ್ತ ಸಂಕೇತವನ್ನು ಲೆಕ್ಕ ಹಾಕಿ ಕೊಡುತ್ತದೆ. ನಿನ್ನೆಯ ಸಂಕೇತ ಇಂದು ನಡೆಯದು. 2018ರ ಡಿಸೆಂಬರ್ 31ರೊಳಗೆ ಎಲ್ಲ ಕಾರ್ಡುಗಳಿಗೂ ಚಿಪ್ಪು ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಇದಕ್ಕೇ. ಅದರಿಂದ ನಿಜವಾಗಿಯೂ ಒಳ್ಳೆಯದಾಯಿತು. ನಕಲಿ ಕಾರ್ಡು ಮಾಡುವುದು ಕಷ್ಟವಾಯಿತು. ಆದರೆ ಕಳ್ಳರು ಚಿಪ್ಪು ಇಲ್ಲದ ಕಡೆಗೆ, ಅಂದರೆ ನಂಬರು ಹೊಡೆದರೆ ಸಾಕಾಗುವ ಆನ್‌ಲೈನಿನ ಕಡೆಗೆ ತಿರುಗಿದರು.

ಅಲ್ಲಿ ನಂಬರು ಕದಿಯಲೂ ಬೇಕಿಲ್ಲ, ಊಹಿಸಿದರೂ ಸಾಕು ಎಂದು 2016ರ ಕೊನೆಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಕಾರ್ಡು ಸಾಮಾನ್ಯವಾಗಿ ಐದು ವರ್ಷದೊಳಗೆ ಮುಗಿಯುತ್ತದಾದ್ದರಿಂದ ಅವಧಿಯ ತಿಂಗಳಿಗೆ ಇರುವ ಸಾಧ್ಯತೆ 60. ಮೂರಂಕಿಯ ಗುಪ್ತಸಂಖ್ಯೆಗೆ ಸಾಧ್ಯತೆ 1,000. ಒಂದೇ ಜಾಲತಾಣದಲ್ಲಿ ಹತ್ತು ಸಲ ತಪ್ಪಿದರೆ ಅದು ತಡೆಯುತ್ತದೆ. ನೂರಾರು ಜಾಲತಾಣಗಳಿಗೆ ಹಂಚಿ, ಒಂದೊಂದರಲ್ಲಿ ನಾಲ್ಕೈದು ಸಲ ಮಾತ್ರ ಪ್ರಯತ್ನಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಅವರು 389 ಜಾಲತಾಣಗಳನ್ನು ಪರೀಕ್ಷಿಸಿದರು. ವೀಸಾ ಜಾಲದ ಕಾರ್ಡಿನ ವಿವರವನ್ನು ಈ ವಿಧಾನದಲ್ಲಿ ಆರು ಸೆಕೆಂಡಿನಲ್ಲಿ ಜೋಡಿಸಬಹುದಿತ್ತು. ಮಾಸ್ಟರ್‌ಕಾರ್ಡ್ ಜಾಲ ಮಾತ್ರ ಇಂಥ ಹಂಚಿಕೆಯ ಪ್ರಯತ್ನವನ್ನು ಗುರುತಿಸಿ ತಡೆಯಿತು. ಸೇಡಂನ ಮನೆಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಕಾರ್ಡಿನಿಂದ ಲಂಡನ್ನಿನ ಅಂಗಡಿಗೆ ರೊಕ್ಕ ಹೋದರೆ, ಮನೆಯವರ ಮೇಲೆ ಸಂಶಯಪಡುವ ಮೊದಲು ಇದನ್ನು ನೆನೆಯಬೇಕು.

ಇನ್ನೊಂದು ಸಂಶೋಧನೆ ಇದಕ್ಕಿಂತ ಮುಖ್ಯವಾದದ್ದು. ಕಾರ್ಡು ಕಳವಾಗಿ ದೂರು ಕೊಟ್ಟವರಿಗೆ ಬ್ಯಾಂಕಿನವರು ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ: ‘ನಮ್ಮ ದಾಖಲೆಯಲ್ಲಿ ಪಿನ್ ಸರಿಯಾಗಿ ಬಿದ್ದಿದೆ. ಅಂದಮೇಲೆ ನೀವೇ ಕೊಟ್ಟಿರಬೇಕು.’ ಈ ಮಾತು ಕೇಳಿದ ಕೂಡಲೇ ಸಾಮಾನ್ಯ ಮನುಷ್ಯ ತಲೆ ತಗ್ಗಿಸಿ ಹೊರಗೆ ಬರುತ್ತಾನೆ. 2010ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸ್ಟೀವನ್ ಮರ್ಡಾಕ್, ಸಾರ್ ಡ್ರೈಮರ್, ರಾಸ್ ಆಂಡರ್ಸನ್ ಮತ್ತು ಮೈಕ್ ಬಾಂಡ್ ಈ ಮಾತಿನ ಬುಡವನ್ನೇ ಅಲುಗಾಡಿಸಿದರು. ಕದ್ದ ಕಾರ್ಡಿಗೂ ಅಂಗಡಿಯ ಯಂತ್ರಕ್ಕೂ ನಡುವೆ ಅವರು ಒಂದು ಚಿಕ್ಕ ಸಾಧನ ಕೂರಿಸಿದರು. ಅದು ಯಂತ್ರಕ್ಕೆ ‘ಪಿನ್ ಸರಿಯಿದೆ’ ಎನ್ನುತ್ತಿತ್ತು. ಕಾರ್ಡಿಗೆ ‘ಇಲ್ಲಿ ಪಿನ್ ಬೇಕಿಲ್ಲ, ಸಹಿ ಸಾಕು’ ಎನ್ನುತ್ತಿತ್ತು. ಯಾವ ಸುಳ್ಳು ಅಂಕಿ ಒತ್ತಿದರೂ ವ್ಯವಹಾರ ಆಗುತ್ತಿತ್ತು, ರಸೀದಿಯ ಮೇಲೆ ಪಿನ್ ಪರಿಶೀಲಿಸಲಾಗಿದೆ ಎಂದೇ ಮುದ್ರಣವಾಗುತ್ತಿತ್ತು.

ಪ್ರಯೋಗಾಲಯದ ಸಾಹಸ ಇದು, ನಿಜ ಜೀವನದಲ್ಲಿ ಯಾರು ಮಾಡುತ್ತಾರೆ ಎಂದು ಆಗ ಕೇಳಿದವರಿದ್ದರು. ಮರುವರ್ಷವೇ ಉತ್ತರ ಬಂತು. ಫ್ರಾನ್ಸಿನಲ್ಲಿ ಕಳವಾದ ಚಿಪ್ ಕಾರ್ಡುಗಳು ಬೆಲ್ಜಿಯಂನಲ್ಲಿ ಬಳಕೆಯಾಗುತ್ತಿರುವುದು 2011ರಲ್ಲಿ ಕಂಡುಬಂತು. ಕಳ್ಳರು ಕದ್ದ ಚಿಪ್ಪಿನ ಮೇಲೆ ಇನ್ನೊಂದು ಚಿಪ್ಪನ್ನು ಬೆಸೆದು ಅದೇ ತಂತ್ರವನ್ನು ಒಂದು ಕಾರ್ಡಿನೊಳಗೇ ಅಡಗಿಸಿದ್ದರು. ಇಂಥ 40 ಕಾರ್ಡುಗಳು, 7,000ಕ್ಕೂ ಹೆಚ್ಚು ವ್ಯವಹಾರ, ಆರು ಲಕ್ಷ ಯೂರೋಗೆ ಸ್ವಲ್ಪ ಕಡಿಮೆ ನಷ್ಟ. ಫ್ರೆಂಚ್ ಸಂಶೋಧಕರು ಆ ಕಾರ್ಡನ್ನು ಎಕ್ಸ್‌ರೇಗೆ ಒಡ್ಡಿ ಒಳಗಿನ ರಚನೆಯನ್ನು ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಆ ದಾರಿ ನಂತರ ಮುಚ್ಚಿತು. ಆದರೆ 2020ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯವರು ಟ್ಯಾಪ್ ಮಾಡುವ ವೀಸಾ ಕಾರ್ಡಿನಲ್ಲಿ ಇನ್ನೊಂದು ದಾರಿ ತೋರಿಸಿದರು. ಎರಡು ಆಂಡ್ರಾಯ್ಡ್ ಫೋನು ಬಳಸಿ, ಮಿತಿ ಮೀರಿದ ಮೊತ್ತವನ್ನೂ ಪಿನ್ ಇಲ್ಲದೆ ಪಾವತಿಸಬಹುದಿತ್ತು.

ಪ್ರತಿಯೊಬ್ಬ ಜೇಬುಗಳ್ಳನೂ ಹೀಗೆ ಮಾಡುತ್ತಾನೆಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಕಳ್ಳರಿಗೆ ಪಿನ್ ಸಿಗುವುದು ಅದಕ್ಕಿಂತ ಸುಲಭದ ದಾರಿಯಲ್ಲಿ, ಅದನ್ನು ಮುಂದೆ ಹೇಳುತ್ತೇನೆ. ಆದರೆ ‘ಪಿನ್ ಬಿದ್ದಿದೆ’ ಎಂಬ ಒಂದೇ ಸಾಲು ಗ್ರಾಹಕನ ತಪ್ಪಿಗೆ ಪುರಾವೆ ಅಲ್ಲ ಎಂಬುದನ್ನು ವಿಜ್ಞಾನ ಹದಿನೈದು ವರ್ಷದ ಹಿಂದೆಯೇ ತೋರಿಸಿದೆ. ನಮ್ಮ ನಿಯಮವೂ ಅದನ್ನೇ ಹೇಳುತ್ತದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರಕಾರ ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ.

ಆ ಸುತ್ತೋಲೆ ಈ ಭಾಗದ ಪ್ರತಿ ಮನೆಗೂ ಗೊತ್ತಿರಬೇಕಾದದ್ದು. ಗ್ರಾಮೀಣ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ; ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ವಿಸ್ತರಿಸಿತು. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ವ್ಯವಸ್ಥೆಯ ಇನ್ನೆಲ್ಲೋ ಆದ ಲೋಪದಿಂದ ರೊಕ್ಕ ಹೋದರೆ, ಬ್ಯಾಂಕಿನ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳನೇ ಕೆಲಸದ ದಿನದೊಳಗೆ ತಿಳಿಸಿದರೆ ಹೊಣೆಗೆ ಒಂದು ಮಿತಿ ಇದೆ: ಜನಧನದಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಬೇರೆ ಉಳಿತಾಯ ಖಾತೆ, ಪ್ರೀಪೇಯ್ಡ್ ಕಾರ್ಡು ಮತ್ತು ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ 10,000, ಅದಕ್ಕೂ ದೊಡ್ಡ ಕ್ರೆಡಿಟ್ ಕಾರ್ಡಿಗೆ 25,000. ಏಳು ದಿನ ದಾಟಿತೋ, ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಹೇಳಿದಷ್ಟು. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳೊಳಗೆ ತಕರಾರು ಮುಗಿಸಬೇಕು.

ಈಗ ಒಂದು ಲೆಕ್ಕ ಹಾಕಿ ನೋಡಿ. ಚಿತ್ತಾಪುರದ ಯಾತ್ರಿಕರೊಬ್ಬರ ಕಾರ್ಡು ಮದೀನಾದಲ್ಲಿ ಶುಕ್ರವಾರ ಸಂಜೆ ಕಳವಾಯಿತು, ಆ ರಾತ್ರಿಯೇ ನಾಲ್ಕು ಕಡೆ ಬಳಕೆಯಾಯಿತು ಎಂದುಕೊಳ್ಳಿ. ಮೆಸೇಜು ಬಂದ ದಿನವನ್ನು ಬಿಟ್ಟು ಎಣಿಸಬೇಕು, ಖಾತೆ ಇರುವ ಶಾಖೆಯ ಕೆಲಸದ ದಿನಗಳನ್ನೇ ಎಣಿಸಬೇಕು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ, ಎರಡೂ ರಜೆ. ಸೋಮವಾರ ಒಂದು, ಬುಧವಾರಕ್ಕೆ ಮೂರು. ಮೂರನೇ ಶನಿವಾರ ಬ್ಯಾಂಕು ತೆರೆದಿರುವುದರಿಂದ ಅದಕ್ಕೆ ಆರು, ಮರುವಾರದ ಸೋಮವಾರಕ್ಕೆ ಏಳು. ನಮ್ಮ ಯಾತ್ರಿಕರು ಅದರ ಮರುದಿನ, ಮಂಗಳವಾರ, ಹೈದರಾಬಾದಿಗೆ ಬಂದಿಳಿದು, ಬುಧವಾರ ಚಿತ್ತಾಪುರದ ಶಾಖೆಗೆ ಹೋಗುತ್ತಾರೆ. ಊರಿಗೆ ಹೋಗಿ ನೋಡಿದರಾಯಿತು ಎಂದುಕೊಂಡದ್ದಕ್ಕೆ ಸೊನ್ನೆ ಹೊಣೆಯ ಹಕ್ಕೂ ಹೋಯಿತು, ಹತ್ತು ಸಾವಿರದ ಮಿತಿಯೂ ಹೋಯಿತು.

ಅವರಿಗೆ ಗೊತ್ತಾಗಲಿಲ್ಲವೇ? ಇಲ್ಲೇ ನಮ್ಮ ಭಾಗದ ನಿಜವಾದ ತೊಡಕು ಇರುವುದು. ವಿದೇಶಕ್ಕೆ ಹೋದವರು ಇಳಿದ ಕೂಡಲೇ ಅಲ್ಲಿನ ಸಿಮ್ ಹಾಕಿಕೊಂಡು ಇಲ್ಲಿಯದನ್ನು ತೆಗೆದು ಕಾಗದದಲ್ಲಿ ಸುತ್ತಿಡುತ್ತಾರೆ. ರೋಮಿಂಗ್ ತೆರೆಯದ ಸಿಮ್ಮಿಗೆ ಕಳಿಸಿದ ಮೆಸೇಜನ್ನು ಕಂಪನಿಯ ಯಂತ್ರ ಸ್ವಲ್ಪ ಕಾಲ ಕಾದಿಟ್ಟು ಆಮೇಲೆ ಬಿಟ್ಟುಬಿಡುತ್ತದೆ. ಇನ್ನು ಖಾತೆ ತೆರೆಯುವಾಗ ಕೊಟ್ಟ ನಂಬರು. ‘ಮೆಸೇಜ್ ನಮ್ಮ ಹುಡುಗನ ಫೋನಿಗಿ ಬರ್ತದ್ರಿ’ ಎನ್ನುವ ಮಾತು ಇಲ್ಲಿ ಯಾವ ಬ್ಯಾಂಕಿನ ಕೌಂಟರಿನ ಮುಂದೆ ನಿಂತರೂ ಕೇಳುತ್ತದೆ. ಆ ಹುಡುಗ ಪುಣೆಯಲ್ಲೋ ಮುಂಬೈಯಲ್ಲೋ ಕೆಲಸಕ್ಕಿದ್ದಾನೆ. ಚಿಂಚೋಳಿಯ ತಾಂಡಾಗಳಿಂದ ದುಡಿಯಲು ಗುಳೆ ಹೋದವರು ಸಿಮ್ ಬದಲಿಸಿದಾಗ ಬ್ಯಾಂಕಿಗೆ ಹೇಳಿ ಹೋಗುವುದಿಲ್ಲ. ಬಂದ ಮೆಸೇಜೂ ಇಂಗ್ಲಿಷಿನಲ್ಲಿ, ಅರ್ಧ ಅಂಕಿ, ಅರ್ಧ ಸಂಕ್ಷೇಪ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡ ಅಥವಾ ಉರ್ದು ಲಿಪಿಯ ಸಂಕೇತಗಳು 70 ಮಾತ್ರ ಹಿಡಿಸುತ್ತವೆ. ಅಂದರೆ ಕನ್ನಡದ ಮೆಸೇಜಿಗೆ ಖರ್ಚು ಹೆಚ್ಚು. ಗ್ರಾಹಕನ ಹಕ್ಕಿನ ಗಡಿಯಾರ ಆ ಮೆಸೇಜಿನಿಂದಲೇ ಶುರುವಾಗುವಾಗ ಈ ಖರ್ಚನ್ನು ಬ್ಯಾಂಕುಗಳು ಹೊರಲೇಬೇಕು.

ಬ್ಯಾಂಕುಗಳ ವಿಲೀನವೂ ಗೊಂದಲವನ್ನು ಹೆಚ್ಚಿಸಿದೆ. ಈ ಭಾಗದ ಹಳೆಯ ಆಸರೆಯಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐ ಸೇರಿತು. ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಮತ್ತೊಂದು ವಿಲೀನ, 2025ರ ಮೇ 1ರಂದು ಇನ್ನೊಂದು. ಹನ್ನೆರಡು ವರ್ಷದಲ್ಲಿ ಮೂರು ಸಲ ಬ್ಯಾಂಕಿನ ಹೆಸರು, ಬೋರ್ಡು ಬದಲಾದರೆ, ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಅಚ್ಚಾದ ದೂರಿನ ನಂಬರು ಇಂದಿಗೂ ನಡೆಯುತ್ತದೆಯೇ ಎಂದು ಹೊರಡುವ ಮೊದಲು ಒಮ್ಮೆ ಹೊಡೆದು ನೋಡುವುದು ಲೇಸು.

ಆದರೆ 2017ರ ಆ ಸುತ್ತೋಲೆಯಲ್ಲಿ ಇನ್ನೊಂದು ವಾಕ್ಯವಿದೆ, ಅದನ್ನು ಹೆಚ್ಚಿನವರು ಗಮನಿಸಿಲ್ಲ. ಮೆಸೇಜು ತಲುಪಿದ ದಿನಾಂಕ ಮತ್ತು ಸಮಯವನ್ನು ಬ್ಯಾಂಕಿನ ವ್ಯವಸ್ಥೆ ದಾಖಲಿಸಬೇಕು, ಗ್ರಾಹಕನ ಹೊಣೆ ಎಷ್ಟೆಂದು ತೀರ್ಮಾನಿಸುವಾಗ ಅದು ಮುಖ್ಯ ಎನ್ನುತ್ತದೆ ಆ ವಾಕ್ಯ. ದಾಖಲಿಸಬೇಕಾದದ್ದು ಕಳಿಸಿದ ಹೊತ್ತಲ್ಲ, ತಲುಪಿದ ಹೊತ್ತು. ಸಿಮ್ಮು ಕಾಗದದಲ್ಲಿ ಸುತ್ತಿಟ್ಟಿದ್ದ ಯಾತ್ರಿಕರು ‘ಮೆಸೇಜು ತಲುಪಿದ ದಾಖಲೆ ಕೊಡಿ’ ಎಂದು ಬರಹದಲ್ಲಿ ಕೇಳಿದರೆ ಅವರ ಏಳು ದಿನ ಮುಗಿದಿಲ್ಲ ಎಂದು ವಾದಿಸುವ ಜಾಗ ಉಳಿಯುತ್ತದೆ. ಇದು ಗೆಲುವಿನ ಖಾತ್ರಿ ಅಲ್ಲ. ಕೇಳದವರಿಗೆ ಆ ಜಾಗವೂ ಇಲ್ಲ.

ಕೆಲವರು ಅಂಕಿಅಂಶ ತೋರಿಸಿ, ಅಪಾಯ ಕಡಿಮೆಯಾಗುತ್ತಿದೆ ಎನ್ನಬಹುದು. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯ ಪ್ರಕಾರ 2023-24ರಲ್ಲಿ ಕಾರ್ಡು ಮತ್ತು ಇಂಟರ್ನೆಟ್ ವಂಚನೆಗಳು 29,082, ಮೊತ್ತ 1,457 ಕೋಟಿ. 2024-25ರಲ್ಲಿ ಅವು 13,516ಕ್ಕೆ, 520 ಕೋಟಿಗೆ ಇಳಿದವು. ಇಳಿದದ್ದು ನಿಜ, ಸಂತೋಷದ ವಿಷಯವೂ ಹೌದು. ಆದರೆ ಆ ಪಟ್ಟಿಗೆ ಸೇರುವುದು ಒಂದು ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ವಂಚನೆಗಳು ಮಾತ್ರ. ಶಹಾಬಾದಿನ ಕಲ್ಲಿನ ಗಣಿಯ ಕಾರ್ಮಿಕನ ಹದಿನೆಂಟು ಸಾವಿರ ಹೋದರೆ ಅದು ಆ ಪಟ್ಟಿಯ ಲೆಕ್ಕಕ್ಕೇ ಬರುವುದಿಲ್ಲ. ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಎಲ್ಲ ಬಗೆಯ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡದ್ದು 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ. ಹೂಡಿಕೆಯ ಮೋಸ, ಡಿಜಿಟಲ್ ಬಂಧನ ಎಲ್ಲವೂ ಇದರಲ್ಲಿದೆ. ಕಾರ್ಡಿನ ಪಾಲು ಎಷ್ಟಾದರೂ ಇರಲಿ, ಕಳ್ಳರ ಸಂತೆ ಯಾವ ದಿಕ್ಕಿಗೆ ಬೆಳೆಯುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ.

ತಕರಾರಿನಲ್ಲಿ ಬ್ಯಾಂಕು ಯಾಕೆ ಬಿಗಿಯಾಗುತ್ತದೆ ಎಂಬುದಕ್ಕೂ ಕಾರಣವಿದೆ. ಚಿಪ್ಪು ಓದದ ಹಳೆಯ ಯಂತ್ರದಲ್ಲಿ ನಕಲಿ ಕಾರ್ಡು ಉಜ್ಜಿದ್ದರೆ, ಕಾರ್ಡ್ ಜಾಲಗಳ ನಿಯಮದಂತೆ ನಷ್ಟ ಸಾಮಾನ್ಯವಾಗಿ ಅಂಗಡಿಯ ಕಡೆಯ ಬ್ಯಾಂಕಿಗೆ ಬೀಳುತ್ತದೆ. ಒಟಿಪಿ ಕೇಳದ ಆನ್‌ಲೈನ್ ಅಂಗಡಿಯಾದರೂ ಹೆಚ್ಚಾಗಿ ಹಾಗೆಯೇ. ಆದರೆ ನಿಜವಾದ ಕಾರ್ಡನ್ನೇ ಕದ್ದು ಟ್ಯಾಪ್ ಮಾಡಿದ್ದರೆ ನಷ್ಟ ಕಾರ್ಡು ಕೊಟ್ಟ ನಮ್ಮ ಬ್ಯಾಂಕಿನ ತಲೆಗೇ. ಅದಕ್ಕೇ ಅಲ್ಲಿ ‘ನಿಮ್ಮ ನಿರ್ಲಕ್ಷ್ಯ’ ಎಂಬ ಮಾತು ಬೇಗ ಬರುತ್ತದೆ. ಯಾವ ಬಗೆಯ ವ್ಯವಹಾರವಾಗಿದೆ ಎಂಬುದು ದಾಖಲೆಯಲ್ಲಿ ಎರಡಂಕಿಯ ಎಂಟ್ರಿ ಮೋಡ್ ಆಗಿ ಉಳಿದಿರುತ್ತದೆ: 05 ಎಂದರೆ ಚಿಪ್ಪು ತೂರಿಸಿದ್ದು, 07 ಎಂದರೆ ಟ್ಯಾಪ್, 90 ಎಂದರೆ ಪಟ್ಟಿ ಉಜ್ಜಿದ್ದು. ದೂರಿನ ಅರ್ಜಿಯಲ್ಲಿ ಪ್ರತಿ ವ್ಯವಹಾರದ ಎಂಟ್ರಿ ಮೋಡ್, ಪಿನ್ ಪರಿಶೀಲನೆಯ ವಿವರ, ಮೆಸೇಜು ತಲುಪಿದ ಹೊತ್ತು, ಈ ಮೂರನ್ನೂ ಕೇಳಬೇಕು. ‘90’ ಎಂದು ಬಂದರೆ, ಚಿಪ್ಪಿನ ಕಾರ್ಡಿನ ಪಟ್ಟಿ ಯಾಕೆ ಉಜ್ಜಿತು ಎಂದು ಬ್ಯಾಂಕೇ ಉತ್ತರಿಸಬೇಕಾಗುತ್ತದೆ.

ಪೊಲೀಸ್ ದೂರಿನ ಪ್ರತಿ ಇಲ್ಲದೆ ಬ್ಯಾಂಕಿಗೆ ಹೇಳುವುದು ಹೇಗೆ ಎಂದು ಜನ ತಡೆದು ನಿಲ್ಲುತ್ತಾರೆ. ಪರದೇಶದ ಠಾಣೆ, ತಿಳಿಯದ ಭಾಷೆ. ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನದಲ್ಲಿ ಇದು ಸ್ಪಷ್ಟವಿದೆ: ಕಳೆದಿದೆ ಎಂದು ಹೇಳಿದ ಕೂಡಲೇ ಕಾರ್ಡು ಬಂದ್ ಮಾಡಬೇಕು, ಎಫ್‌ಐಆರ್ ಮುಂತಾದವು ಆಮೇಲೆ ಬರಬಹುದು. ವಂಚನೆ ಎಂದು ತಕರಾರು ಎತ್ತಿದ ಮೊತ್ತದ ಮೇಲೆ ತೀರ್ಮಾನವಾಗುವವರೆಗೆ ಶುಲ್ಕ ಹಾಕುವಂತಿಲ್ಲ ಎಂದೂ ಅದು ಹೇಳುತ್ತದೆ.

ತಡಮಾಡದವರಿಗೆ ನ್ಯಾಯ ಸಿಕ್ಕ ಇತ್ತೀಚಿನ ಉದಾಹರಣೆಯೊಂದಿದೆ. ಅಸ್ಸಾಮಿನ ಗ್ರಾಹಕರೊಬ್ಬರು 2021ರಲ್ಲಿ 94 ಸಾವಿರ ರೂಪಾಯಿ ಕಳೆದುಕೊಂಡು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ರೊಕ್ಕ ಬ್ಯಾಂಕೇ ತುಂಬಿಕೊಡಬೇಕೆಂದು ಗುವಾಹಟಿ ಹೈಕೋರ್ಟು ಹೇಳಿದ್ದನ್ನು ಸುಪ್ರೀಂ ಕೋರ್ಟು 2025ರ ಜನವರಿ 3ರಂದು ಎತ್ತಿಹಿಡಿಯಿತು. ಇದಕ್ಕೆ ಎದುರಾಗಿ ಇನ್ನೊಂದು ಪ್ರಕರಣ. ಲಾಸ್ ಏಂಜಲಿಸ್‌ನಲ್ಲಿದ್ದ ಭಾರತೀಯ ಮಹಿಳೆಯೊಬ್ಬರ ಫಾರೆಕ್ಸ್ ಕಾರ್ಡಿನಿಂದ 2008ರ ಡಿಸೆಂಬರಿನಲ್ಲಿ ಸುಮಾರು ಆರು ಸಾವಿರ ಡಾಲರ್ ಹೋಯಿತು. ಕಾರ್ಡು ಕಳವಾಗಿರಬೇಕು ಎಂದು ಬ್ಯಾಂಕು ವಾದಿಸಿತು. ಅದಕ್ಕೆ ಪುರಾವೆ ಇಲ್ಲ, ವ್ಯವಸ್ಥೆಯನ್ನು ಭದ್ರವಾಗಿಡುವುದು ಬ್ಯಾಂಕಿನ ಕೆಲಸ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ಆಕೆಯ ಪರ ತೀರ್ಪು ಕೊಟ್ಟದ್ದು 2020ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷ. ವಾಡಿಯ ಒಂದು ಕುಟುಂಬ ಹನ್ನೆರಡು ವರ್ಷ ಕೋರ್ಟಿನ ಮೆಟ್ಟಿಲು ಹತ್ತಲಾರದು.

ಆದ್ದರಿಂದ ಹೊರಡುವ ಮೊದಲೇ ಮಾಡಬೇಕಾದ ಕೆಲಸಗಳಿವೆ. ಅದರಲ್ಲಿ ಮೊದಲನೆಯದು ಪಿನ್ ಚೀಟಿಯನ್ನು ಹರಿದೆಸೆಯುವುದು. ಕಾರ್ಡಿನ ಕಾಗದದ ಲಕೋಟೆಯ ಒಳಮಗ್ಗುಲಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ, ಮೇಲೊಂದು ಅಡ್ಡಗೆರೆ, ಕಾರ್ಡು ಅದೇ ಲಕೋಟೆಯಲ್ಲಿ, ಲಕೋಟೆ ಪಾಸ್‌ಪೋರ್ಟಿನ ಪೌಚಿನಲ್ಲಿ. ಕಳ್ಳನಿಗೆ ಕೇಂಬ್ರಿಜ್‌ನ ವಿದ್ಯೆ ಬೇಕಾಗದೇ ಇರುವುದು ಹೀಗೆ. ಇಷ್ಟು ಸಿಕ್ಕರೆ ಕಾನೂನಿನ ರಕ್ಷಣೆಯೂ ತೆಳುವಾಗುತ್ತದೆ. ಕಾರ್ಡು ಕಳವಾದದ್ದೇ ನಿರ್ಲಕ್ಷ್ಯ ಎಂದು 2017ರ ಸುತ್ತೋಲೆ ಹೇಳುವುದಿಲ್ಲ. ಗುಪ್ತ ವಿವರ ಬೇರೆಯವರಿಗೆ ಕೊಟ್ಟದ್ದನ್ನು ಅದು ನಿರ್ಲಕ್ಷ್ಯದ ಉದಾಹರಣೆಯಾಗಿ ಹೇಳುತ್ತದೆ, ಆಗ ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕನದು. ಕಾರ್ಡಿನ ಜೊತೆ ಸಿಕ್ಕ ಚೀಟಿಯನ್ನು ಬ್ಯಾಂಕು ಇದೇ ಸಾಲಿಗೆ ಸೇರಿಸಲು ನೋಡುತ್ತದೆ.

ಎರಡನೆಯದು ಕಾರ್ಡಿನ ಸ್ವಿಚ್ಚು. ರಿಸರ್ವ್ ಬ್ಯಾಂಕಿನ 2020ರ ಜನವರಿಯ ಆದೇಶದಂತೆ ಹೊಸ ಕಾರ್ಡಿನಲ್ಲಿ ವಿದೇಶದ ಬಳಕೆ, ಆನ್‌ಲೈನ್, ಟ್ಯಾಪ್ ಈ ಮೂರೂ ಮೊದಲಿಗೆ ಬಂದ್ ಇರುತ್ತವೆ. ಬೇಕಾದವರು ಆ್ಯಪಿನಲ್ಲೋ ಎಟಿಎಂನಲ್ಲೋ ತೆರೆದುಕೊಳ್ಳಬೇಕು, ಒಂದೊಂದಕ್ಕೂ ಮಿತಿ ಹಾಕಿಕೊಳ್ಳಬಹುದು. ಹೋಗುವಾಗ ತೆರೆದವರು ಬಂದ ಮೇಲೆ ಮುಚ್ಚುವುದಿಲ್ಲ, ತೊಂದರೆ ಇರುವುದು ಅಲ್ಲಿ. ಜೊತೆಗೆ ಇಲ್ಲಿಯ ಸಿಮ್ಮಿಗೆ ಮೆಸೇಜು ಬರುವಷ್ಟಾದರೂ ರೋಮಿಂಗ್ ಹಾಕಿಸಬೇಕು, ಮನೆಯಲ್ಲಿ ಓದುಬಲ್ಲವರ ಇಮೇಲನ್ನೂ ಬ್ಯಾಂಕಿಗೆ ಕೊಡಬೇಕು. 1930 ಸಹಾಯವಾಣಿ ಇರುವುದು ದೇಶದೊಳಗಿನವರಿಗೆ. 1800ರಿಂದ ಶುರುವಾಗುವ ನಂಬರುಗಳೂ ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ. +91 ಸೇರಿಸಿ ಹೊಡೆಯಬಹುದಾದ ಬ್ಯಾಂಕಿನ ನಂಬರನ್ನು ಕಾರ್ಡಿನಿಂದ ಬೇರೆ ಜಾಗದಲ್ಲಿ ಬರೆದಿಟ್ಟುಕೊಳ್ಳಬೇಕು. ಯಾತ್ರೆಯ ಗುಂಪಿನ ಮುಖ್ಯಸ್ಥರು ತಮ್ಮ ಜೊತೆ ಬರುವ ಪ್ರತಿಯೊಬ್ಬರ ಬ್ಯಾಂಕಿನ ಆ ನಂಬರನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡರೆ, ಇಂಗ್ಲಿಷ್ ಬಾರದ ಹಿರಿಯರ ಪರವಾಗಿ ಅದೇ ರಾತ್ರಿ ಫೋನು ಮಾಡಬಹುದು. ಮಾತಾಡಿದ ಮೇಲೆ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳದೆ ಫೋನು ಇಡಬಾರದು. ಬ್ಯಾಂಕು ದೂರನ್ನು ತಳ್ಳಿಹಾಕಿದರೆ ಅಥವಾ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊಸ ನಿರ್ದೇಶನ ಹೊರಡಿಸಿ, ಹೊರದೇಶದ ಆನ್‌ಲೈನ್ ವ್ಯವಹಾರಕ್ಕೂ ಎರಡನೇ ಬೀಗ ಪರಿಶೀಲಿಸುವ ವ್ಯವಸ್ಥೆಯನ್ನು ಬ್ಯಾಂಕುಗಳು 2026ರ ಅಕ್ಟೋಬರ್ 1ರೊಳಗೆ ಮಾಡಿಕೊಳ್ಳಬೇಕು ಎಂದಿದೆ. ಇದು ದೊಡ್ಡ ಹೆಜ್ಜೆ. ಆದರೆ ಅದು ಕೆಲಸ ಮಾಡುವುದು ಹೊರದೇಶದ ಅಂಗಡಿ ಅಥವಾ ಅದರ ಬ್ಯಾಂಕು ಆ ಪರಿಶೀಲನೆಯನ್ನು ಕೇಳಿದಾಗ. ಕೇಳದ ಅಂಗಡಿಗಳ ವ್ಯವಹಾರವನ್ನು ಅಪಾಯದ ಅಂದಾಜಿನ ಮೇಲೆ ಬ್ಯಾಂಕೇ ಜರಡಿ ಹಿಡಿಯಬೇಕು. ಕದ್ದ ಕಾರ್ಡಿನ ಟ್ಯಾಪಿಗೂ ಈ ಬೀಗಕ್ಕೂ ಸಂಬಂಧವೇ ಇಲ್ಲ. ಮೂರು ಕೆಲಸದ ದಿನಗಳ ಎಣಿಕೆಯನ್ನೂ ಅದು ಬದಲಿಸುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರು ವಿದೇಶಿ ಬಳಕೆ ತೆರೆದ ಕಾರ್ಡುದಾರರ ಪಟ್ಟಿಯನ್ನು ಮುಂದಿನ ಯಾತ್ರೆಯ ಕಾಲದೊಳಗೆ ತೆಗೆಸಿ, ಅವರ ಫೋನ್ ನಂಬರು ಇಂದಿಗೂ ಅವರದೇ ಹೌದೇ ಎಂದು ಒಬ್ಬೊಬ್ಬರನ್ನೇ ಕರೆದು ಕೇಳಬೇಕು. ಅದಕ್ಕೆ ಯಾವ ಹೊಸ ಆದೇಶವೂ ಬರಬೇಕಾಗಿಲ್ಲ.